ದುಬೈ ಮನೆಗೆ ತೆರಿಗೆ ಇಲ್ಲ ಅಂದರು, ಕಟ್ಟಿದ್ದು ಮೈಸೂರಿನಲ್ಲಿ

ಕಳೆದ ಎರಡು ತಿಂಗಳಲ್ಲಿ ನಮ್ಮ ಪರಿಚಯದ ಮೂರು ಮನೆಯವರು ನನಗೆ ಫೋನ್ ಮಾಡಿದರು. ಎಲ್ಲರದ್ದೂ ಒಂದೇ ಪ್ರಶ್ನೆ. "ಮೇಡಂ, ನೀವು ದುಬೈನಲ್ಲಿ ಫ್ಲ್ಯಾಟ್ ತಗೊಂಡಿದ್ದೀರಲ್ಲ, ನಾವೂ ತಗೋಬಹುದಾ?" ಅವಸರ ಮಾಡಬೇಡಿ ಅಂತ ಹೇಳಿದೆ. ಯಾಕೆ ಅನ್ನೋದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಸರಸ್ವತಿಪುರಂನಲ್ಲಿ ಇರೋದು. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ನಮ್ಮ ಮನೆಯವರು ಮಂಡ್ಯದವರು, ಅಲ್ಲಿ ಮಾವನವರು ಕಟ್ಟಿಸಿದ ಮನೆ ಇದೆ. ಮಗಳು, ಅಳಿಯ ದುಬೈನಲ್ಲಿದ್ದಾರೆ. 2023ರಲ್ಲಿ ವಿಜಯನಗರ ನಾಲ್ಕನೇ ಹಂತದಲ್ಲಿದ್ದ ನನ್ನ ಸೈಟು ಮಾರಿದೆವು. ಅದೇ ಸಮಯಕ್ಕೆ ಇಲ್ಲಿನ ಒಂದು ಹೋಟೆಲಿನಲ್ಲಿ ದುಬೈ ಮನೆಗಳ ಮೇಳ ನಡೆಯಿತು. ಅಲ್ಲಿ ಸಿಕ್ಕ ಬ್ರೋಕರ್ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಮೇಡಂ, ದುಬೈನಲ್ಲಿ ಟ್ಯಾಕ್ಸೇ ಇಲ್ಲ. ಬಾಡಿಗೆ ಪೂರ್ತಿ ನಿಮ್ಮದೇ."

ಆತ ಹೇಳಿದ್ದು ಸುಳ್ಳೇನಲ್ಲ. ದುಬೈನಲ್ಲಿ ನಮ್ಮ ಹಾಗೆ ವರ್ಷಾವರ್ಷ ಕಂದಾಯ ಕಟ್ಟೋದಿಲ್ಲ. ಬಾಡಿಗೆ ಮೇಲೆ ಆದಾಯ ತೆರಿಗೆಯೂ ಇಲ್ಲ. ಆದರೆ ನಾವಿರೋದು ಮೈಸೂರಿನಲ್ಲಿ ಅಲ್ವಾ? ಭಾರತದಲ್ಲೇ ನೆಲೆಸಿದವರಿಗೆ ಯಾವ ದೇಶದಿಂದ ಆದಾಯ ಬಂದರೂ ಇಲ್ಲಿ ತೆರಿಗೆ ಇದೆ. ಅಲ್ಲಿ ಕಟ್ಟಿದ್ದರೆ ಅದನ್ನು ಇಲ್ಲಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಿತ್ತು. ಅಲ್ಲಿ ಏನೂ ಕಟ್ಟದ ಕಾರಣ ಇಲ್ಲಿ ಪೂರ್ತಿ ಬೀಳುತ್ತದೆ. ಈ ಮಾತನ್ನು ಮೇಳದಲ್ಲಿ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನವೆಂಬರ್‌ನಲ್ಲಿ ಜುಮೇರಾ ವಿಲೇಜ್ ಸರ್ಕಲ್‌ನಲ್ಲಿ 6 ಲಕ್ಷ ದಿರ್ಹಮ್‌ಗೆ ಒಂದು ಸಣ್ಣ ಸ್ಟುಡಿಯೋ ಫ್ಲ್ಯಾಟ್ ಒಪ್ಪಿಕೊಂಡೆವು, ಇಬ್ಬರ ಹೆಸರಿನಲ್ಲಿ. ಅಲ್ಲಿನ ಭೂ ಇಲಾಖೆಗೆ ವರ್ಗಾವಣೆ ಶುಲ್ಕ 4%, ಅಂದರೆ 24,000 ದಿರ್ಹಮ್. ಬ್ರೋಕರ್‌ಗೆ 2%, ಅದರ ಮೇಲೆ 5% ವ್ಯಾಟ್. ನೋಂದಣಿ ಕಚೇರಿಯ ಶುಲ್ಕ ಬೇರೆ. ಎಲ್ಲ ಸೇರಿ ನಮ್ಮ ರೂಪಾಯಿಯಲ್ಲಿ ಸುಮಾರು 1 ಕೋಟಿ 45 ಲಕ್ಷ ಆಯಿತು. ಕಡಿಮೆ ಬಿದ್ದರೆ ಸರಸ್ವತಿಪುರಂ ಮನೆ ಮೇಲೆ ಸಾಲ ತೆಗೆಯೋಣ ಅಂದುಕೊಂಡಿದ್ದೆವು. ವಿದೇಶದಲ್ಲಿ ಆಸ್ತಿ ಕೊಳ್ಳಲು ಇಲ್ಲಿನ ಬ್ಯಾಂಕುಗಳು ಸಾಲ ಕೊಡುವ ಹಾಗಿಲ್ಲ ಅಂತ ಬ್ಯಾಂಕಿಗೆ ಹೋದ ಮೇಲೆ ಗೊತ್ತಾಯಿತು.

ಮೊದಲ ಪೆಟ್ಟು ಬಿದ್ದದ್ದೂ ಅದೇ ಬ್ಯಾಂಕಿನಲ್ಲಿ. ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದಕ್ಕೆ ಅಡ್ಡಿ ಇರಲಿಲ್ಲ. ಆದರೆ ಆಗ 7 ಲಕ್ಷ ದಾಟಿದ ಮೊತ್ತಕ್ಕೆ 20% ಟಿಸಿಎಸ್ (ದುಡ್ಡು ಕಳಿಸುವಾಗಲೇ ಬ್ಯಾಂಕು ಮುಂಚಿತವಾಗಿ ಹಿಡಿಯುವ ತೆರಿಗೆ) ಹಿಡಿಯುವ ನಿಯಮ ಬಂದು ಒಂದೂವರೆ ತಿಂಗಳಾಗಿತ್ತು ಅಷ್ಟೇ. (2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷ ಆಗಿದೆ.) ಇಬ್ಬರದ್ದೂ ಸೇರಿ 26 ಲಕ್ಷ ಹೆಚ್ಚುವರಿಯಾಗಿ ಕಟ್ಟಬೇಕಾಯಿತು. ಇದು ಕಳೆದುಹೋಗುವ ದುಡ್ಡಲ್ಲ, ಮುಂದಿನ ವರ್ಷ ರಿಟರ್ನ್ ಹಾಕಿದಾಗ ನಮ್ಮ ತೆರಿಗೆಯಲ್ಲಿ ವಜಾ ಆಗಿ ಮಿಕ್ಕಿದ್ದು ವಾಪಸ್ ಬರುತ್ತದೆ. ಆದರೆ ಅವತ್ತು ಕೈಯಲ್ಲಿ ಇರಬೇಕಲ್ಲ? ಅಡ್ವಾನ್ಸ್ ಕೊಟ್ಟಾಗಿತ್ತು. ನಮ್ಮ ಮನೆಯವರ ನಿವೃತ್ತಿ ಹಣದ ಎಫ್‌ಡಿ ನಾಲ್ಕನ್ನೂ ಅದೇ ಮಧ್ಯಾಹ್ನ ಮುರಿಸಿದೆವು.

ಎರಡನೆಯದು ಸೈಟಿನ ತೆರಿಗೆ. ಸೈಟು ಮಾರಿದ ದುಡ್ಡಿನಲ್ಲಿ ಮನೆ ತಗೊಂಡರೆ ಲಾಭದ ಮೇಲಿನ ತೆರಿಗೆ ಉಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಮನೆ ಭಾರತದಲ್ಲೇ ಇರಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. 2014ರ ಬಜೆಟ್‌ನಲ್ಲೇ ಹಾಗೆ ಬದಲಾಯಿಸಿದ್ದಾರೆ. ಇದೇ ದುಡ್ಡಿಗೆ ಮೈಸೂರಿನಲ್ಲಿ ಮನೆ ತಗೊಂಡಿದ್ದರೆ ಆ ತೆರಿಗೆ ಉಳಿಯುತ್ತಿತ್ತು.

ಬಾಡಿಗೆ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೆ 45,000 ದಿರ್ಹಮ್ ಬಂತು. ಅದರಲ್ಲಿ ಕಟ್ಟಡದ ಸರ್ವಿಸ್ ಚಾರ್ಜ್ 7,200. ಅದನ್ನು ಚದರಡಿ ಲೆಕ್ಕದಲ್ಲಿ ಹಾಕುತ್ತಾರೆ, ಮನೆ ಖಾಲಿ ಇದ್ದರೂ ಬಿಡೋದಿಲ್ಲ. ಮನೆ ನೋಡಿಕೊಳ್ಳುವವರಿಗೆ 2,250. ಎಸಿ ರಿಪೇರಿಗೆ 3,800. ಬಣ್ಣಕ್ಕೆ 1,500. ಒಟ್ಟು 14,750. ನಮ್ಮ ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಖರ್ಚು ಅಂತ ಕಳೆಯಲು ಬಿಡುವುದು ಸೀದಾ 30%, ಅಂದರೆ 13,500. ನಿಮ್ಮ ನಿಜವಾದ ಖರ್ಚು ಅದಕ್ಕಿಂತ ಜಾಸ್ತಿ ಆದರೂ ಅಷ್ಟೇ. ಹೀಗೆ ಕೈಗೆ ಬಾರದ ದುಡ್ಡಿಗೂ ತೆರಿಗೆ ಕಟ್ಟಿದೆವು. ಬಾಡಿಗೆಗೇ ಕೊಡದೆ ಸುಮ್ನೆ ಇಟ್ಟುಕೊಳ್ಳುತ್ತೇವೆ, ಮಗಳ ಹತ್ತಿರ ಹೋದಾಗ ಇರುತ್ತೇವೆ ಅನ್ನುವವರೂ ನೋಡಿಕೊಳ್ಳಿ. ಸ್ವಂತ ವಾಸದ ಲೆಕ್ಕಕ್ಕೆ ಬರೋದು ಎರಡೇ ಮನೆ. ನಮ್ಮ ಹಾಗೆ ಮೈಸೂರಿನಲ್ಲೊಂದು, ಮಂಡ್ಯದಲ್ಲೊಂದು ಇದ್ದರೆ ದುಬೈನದು ಮೂರನೆಯದಾಗುತ್ತದೆ. ಅದಕ್ಕೆ ಬಾಡಿಗೆ ಬಂದ ಹಾಗೇ ಅಂತ ಹಿಡಿದು ತೆರಿಗೆ ಹಾಕಬಹುದು.

ಇಷ್ಟೆಲ್ಲ ದುಡ್ಡಿನ ಮಾತು. ನಿಜವಾಗಿ ನಿದ್ದೆ ಕೆಡಿಸಿದ್ದು ಒಂದು ಖಾಲಿ ಕಾಲಂ.

2024ರ ಜುಲೈನಲ್ಲಿ ಯಾವಾಗಿನಂತೆ ರಿಟರ್ನ್ ಹಾಕಿಸಿದೆವು. ಸೈಟಿನ ಲಾಭ ತೋರಿಸಿದೆವು, ಟಿಸಿಎಸ್ ವಾಪಸ್ ಕೇಳಿದೆವು. ಹಾಕಿಕೊಟ್ಟವರು ಆ ದುಡ್ಡು ಮಗಳಿಗೆ ಕಳಿಸಿದ್ದು ಅಂದುಕೊಂಡಿದ್ದರಂತೆ. ಮನೆ ಕೊಂಡಿದ್ದೇವೆ ಅಂತ ನಾವು ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನವೆಂಬರ್‌ನಲ್ಲಿ ಒಂದು ಸಂಜೆ ನನ್ನ ಮೊಬೈಲಿಗೆ ಆದಾಯ ತೆರಿಗೆ ಇಲಾಖೆಯಿಂದ ಮೆಸೇಜ್ ಬಂತು. ನಿಮಗೆ ವಿದೇಶದಲ್ಲಿ ಖಾತೆ ಅಥವಾ ಆಸ್ತಿ ಇರುವ ಮಾಹಿತಿ ಇದೆ, ರಿಟರ್ನ್ ಸರಿಪಡಿಸಿ ಅಂತ. ನಾನು ಮೋಸದ ಮೆಸೇಜ್ ಅಂದುಕೊಂಡೆ. ಅರ್ಧ ಗಂಟೆಗೆ ನಮ್ಮ ಮನೆಯವರಿಗೂ ಬಂತು. ಬಾಡಿಗೆ ಜಮೆ ಆಗಲಿ ಅಂತ ಅಲ್ಲಿ ತೆರೆದ ಬ್ಯಾಂಕ್ ಖಾತೆಯ ವಿವರವನ್ನು ಆ ದೇಶ ಪ್ರತಿ ವರ್ಷ ನಮ್ಮ ದೇಶಕ್ಕೆ ಕೊಡುತ್ತದೆ.

ರಾತ್ರಿ ಫೈಲು ತೆಗೆದು ರಿಟರ್ನಿನ ಪ್ರತಿ ನೋಡಿದೆ. ವಿದೇಶಿ ಆಸ್ತಿ ಇದೆಯೇ ಅನ್ನುವ ಸಾಲಿನ ಮುಂದೆ 'ಇಲ್ಲ' ಅಂತ ಇತ್ತು. ವಿದೇಶಿ ಆಸ್ತಿಯ ವಿವರ ಬರೆಯುವ ಶೆಡ್ಯೂಲ್ ಎಫ್‌ಎ ಅನ್ನುವ ಪುಟ ಪೂರ್ತಿ ಬಿಳಿ. 2015ರ ಕಪ್ಪುಹಣ ಕಾಯ್ದೆ ಪ್ರಕಾರ ಆ ಪುಟ ತುಂಬದಿದ್ದರೆ ವರ್ಷಕ್ಕೆ 10 ಲಕ್ಷ ದಂಡ ಹಾಕಬಹುದು. ಒಬ್ಬೊಬ್ಬರಿಗೆ. ತೆರಿಗೆ ಕಟ್ಟಿದ ಬಿಳಿ ದುಡ್ಡಿನಿಂದ ಕೊಂಡಿದ್ದರೂ, ಬಾಡಿಗೆ ಒಂದು ರೂಪಾಯಿ ಬಾರದಿದ್ದರೂ. 2024ರ ಅಕ್ಟೋಬರ್‌ನಿಂದ 20 ಲಕ್ಷದೊಳಗಿನ ಬ್ಯಾಂಕ್ ಖಾತೆ, ಷೇರಿನಂಥವಕ್ಕೆ ಈ ದಂಡದಿಂದ ರಿಯಾಯಿತಿ ಇದೆ, ಮನೆ ಮತ್ತು ಜಾಗಕ್ಕೆ ಇಲ್ಲ.

ದೇವರು ದೊಡ್ಡವನು, ರಿಟರ್ನ್ ತಿದ್ದಲು ಡಿಸೆಂಬರ್ ಕೊನೆವರೆಗೆ ಸಮಯ ಇತ್ತು. ಬೇರೆ ಆಡಿಟರ್ ಹಿಡಿದು ಇಬ್ಬರದ್ದೂ ತಿದ್ದಿಸಿದೆವು. ಅವರು ಹೇಳಿದ ಒಂದು ವಿಷಯ ಬರೆದಿಟ್ಟುಕೊಳ್ಳಿ: ರಿಟರ್ನ್ ಏಪ್ರಿಲ್‌ನಿಂದ ಮಾರ್ಚ್‌ಗೆ, ಎಫ್‌ಎ ಪುಟ ಮಾತ್ರ ಜನವರಿಯಿಂದ ಡಿಸೆಂಬರ್‌ಗೆ. ನವೆಂಬರ್‌ನಲ್ಲಿ ಕೊಂಡ ನಮ್ಮ ಮನೆ ಹಾಗಾಗಿ ಮೊದಲ ವರ್ಷವೇ ಲೆಕ್ಕಕ್ಕೆ ಬಂದಿತ್ತು. ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನಿಮಗೆ ಸ್ವಂತ ಆದಾಯ ಇಲ್ಲದಿದ್ದರೂ ವಿದೇಶದ ಮನೆ ಪತ್ರದಲ್ಲಿ ನಿಮ್ಮ ಹೆಸರಿದ್ದರೆ ನೀವೂ ರಿಟರ್ನ್ ಹಾಕಲೇಬೇಕು. "ಸುಮ್ನೆ ನಿನ್ನ ಹೆಸರೂ ಇರಲಿ" ಅಂದರೆ ಒಪ್ಪುವ ಮುಂಚೆ ಇದು ನೆನಪಿರಲಿ.

ನಮ್ಮ ದಂಡ ತಪ್ಪಿತು. ಟಿಸಿಎಸ್‌ನಲ್ಲಿ ಮಿಕ್ಕ ದುಡ್ಡು ಕೈ ಸೇರುವಾಗ 2025ರ ಮೇ ಆಗಿತ್ತು.

ಅಷ್ಟರಲ್ಲಿ ನಮ್ಮ ಮನೆಯವರಿಗೆ ಬೈಪಾಸ್ ಆಯಿತು. ವಿಮಾನ ಹತ್ತುವ ಹಾಗಿರಲಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕಲು ಮಗಳಿಗೆ ಪವರ್ ಆಫ್ ಅಟಾರ್ನಿ ಕೊಡಬೇಕಾಯಿತು. ಮೈಸೂರಿನಲ್ಲಿ ನೋಟರಿ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅರೇಬಿಕ್ ಅನುವಾದ. ಎರಡು ಹಾಳೆಯ ಪತ್ರದ ಹಿಂದೆ ಜಾಗವಿಲ್ಲದಷ್ಟು ಮುದ್ರೆಗಳು ಬಿದ್ದಿದ್ದವು. ಆರು ವಾರ ಆಯಿತು, ಅಷ್ಟೂ ದಿನ ಮನೆ ಖಾಲಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಕೊರಿಯರ್ ನಂಬರ್ ನೋಡುತ್ತಿದ್ದ ಆ ದಿನಗಳು ಯಾರಿಗೂ ಬೇಡ. ಅಲ್ಲಿನ ಆಸ್ತಿಗೆ ಅಲ್ಲೇ ಉಯಿಲು ನೋಂದಾಯಿಸಬಹುದು. ಕೊಂಡ ದಿನವೇ ಮಾಡಿಸಬೇಕಿತ್ತು, ಈಗ ಮಾಡಿಸುತ್ತಿದ್ದೇವೆ.

ಮಕ್ಕಳು ಅಲ್ಲೇ ನೆಲೆಸಿ ದುಡಿಯುತ್ತಿದ್ದರೆ, ಅವರ ದುಡ್ಡಿನಲ್ಲಿ ಅವರ ಹೆಸರಿನಲ್ಲೇ ತಗೊಳ್ಳಲಿ. ಅನಿವಾಸಿ ಆಗಿರುವವರೆಗೆ ಅವರಿಗೆ ಈ ಎಫ್‌ಎ ಪುಟವೂ ಇಲ್ಲ, ಅಲ್ಲಿನ ಬಾಡಿಗೆಗೆ ಇಲ್ಲಿ ತೆರಿಗೆಯೂ ಇಲ್ಲ. ಈಗಾಗಲೇ ಕೊಂಡವರು ಇವತ್ತೇ ನಿಮ್ಮ ರಿಟರ್ನಿನ ಪ್ರತಿ ತೆಗೆದು ಆ ಪುಟ ನೋಡಿ. ಬಿಳಿ ಇದ್ದರೆ ತಡಮಾಡದೆ ಆಡಿಟರ್ ಹತ್ತಿರ ಹೋಗಿ, ಮನೆ ಪತ್ರ ಮತ್ತು ಅಲ್ಲಿನ ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಕೈಯಲ್ಲಿರಲಿ.

ಫೋನ್ ಮಾಡಿದವರಲ್ಲಿ ಒಬ್ಬರು ಮಂಡ್ಯದ ನಮ್ಮ ನಾದಿನಿ ಮನೆಯವರು. ಟೋಕನ್ ಕೊಡಲು ಸಿದ್ಧವಾಗಿದ್ದರು. ಕಳೆದ ಭಾನುವಾರ ನನ್ನ ಫೈಲು ತಗೊಂಡು ಹೋಗಿ ಊಟದ ಮೇಜಿನ ಮೇಲೆ ಒಂದೊಂದೇ ಪುಟ ತೋರಿಸಿದೆ. ಅವರು ಟೋಕನ್ ಸದ್ಯಕ್ಕೆ ನಿಲ್ಲಿಸಿದ್ದಾರೆ.