ಮಡಚುವ ಮೇಜು ಮಾಡಿಸುವವರು ಮೊದಲು ಗೋಡೆ ನೋಡಿ

ಗೋಡೆಗೆ ಮಡಚುವ ನಮ್ಮ ಮೇಜು ಇಷ್ಟೇ: ಮುಂಬೈಯ ನಾಗದೇವಿ ಸ್ಟ್ರೀಟಿನಿಂದ ತಂದ 16 ಇಂಚಿನ ಸ್ಟೀಲ್ ಫೋಲ್ಡಿಂಗ್ ಬ್ರ್ಯಾಕೆಟ್ ಜೋಡಿ, ಅದರ ಮೇಲೆ 18 ಎಂಎಂ ಮರೈನ್ ಪ್ಲೈ (ನೀರು ತಡೆಯುವ ಪ್ಲೈವುಡ್) ಹಲಗೆ, ಕೂರಿಸಿಕೊಟ್ಟವರು ನಮ್ಮ ಡೊಂಬಿವಲಿಯ ಒಬ್ಬ ಸುತಾರ, ಅಂದರೆ ಬಡಗಿ. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಬ್ರ್ಯಾಕೆಟ್ ಚೆನ್ನಾಗಿದೆ. ಸುತಾರರ ಕೆಲಸ ಅದಕ್ಕಿಂತ ಚೆನ್ನಾಗಿದೆ.

ನಮ್ಮದು ಒಂದು ರೂಮು, ಒಂದು ಕಿಚನ್. ಮಗಳು ಈ ವರ್ಷ ಹತ್ತನೇ ಕ್ಲಾಸು. ಅವಳು ಓದುವ ಜಾಗದಲ್ಲೇ ರಾತ್ರಿ ಅತ್ತೆಯ ಹಾಸಿಗೆ ಬಿಡಿಸಬೇಕು. ಕಾಲಿರುವ ಮೇಜು ಇಡುವ ಮಾತೇ ಇಲ್ಲ. ಒಂದು ಫರ್ನಿಚರ್ ಅಂಗಡಿಯಲ್ಲಿ ರೆಡಿಮೇಡ್ ಮಡಚುವ ಮೇಜು ನೋಡಿದೆವು. ನೋಡಲು ಚೆಂದ, ಆದರೆ ಹಲಗೆ ಪಾರ್ಟಿಕಲ್ ಬೋರ್ಡಿನದು. ಮುಂಬೈ ಕಡೆಯ ಮಳೆಗಾಲದ ತೇವಕ್ಕೆ ಅದು ಅಂಚಿನಲ್ಲಿ ಉಬ್ಬುತ್ತದೆ, ಒಮ್ಮೆ ಉಬ್ಬಿದರೆ ಸ್ಕ್ರೂ ಹಿಡಿಯುವುದಿಲ್ಲ. ಪ್ಲೈ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿಕೊಳ್ಳಿ, ಮರೈನ್ ಪ್ಲೈಗೆ ಅದೇ ಗುರುತು. ನಮಗೆ ಬೇಕಾಗಿದ್ದು ಮೂರಡಿ ಉದ್ದ, ಒಂದೂವರೆ ಅಡಿ ಅಗಲ ಅಷ್ಟೇ, ಕಟ್‌ಪೀಸ್ ಸಾಕಾಯಿತು.

ಬ್ರ್ಯಾಕೆಟ್ಟಿನ ಡಬ್ಬಿಯ ಮೇಲೆ ಜೋಡಿಗೆ 150 ಕೆಜಿ ಎಂದು ಬರೆದಿದೆ. ಆ ಲೆಕ್ಕವನ್ನು ನಂಬಿ ಕೂರಬೇಡಿ. ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿ ಹತ್ತು ಕೆಜಿ ಆಗಲಿಕ್ಕಿಲ್ಲ. ನಿಜವಾದ ಭಾರ ಬೀಳುವುದು ಅತ್ತೆ ಹಾಸಿಗೆಯಿಂದ ಏಳುವಾಗ. ಕೈಗೆ ಸಿಕ್ಕಿದ್ದನ್ನು ಹಿಡಿದು ಏಳುವುದು ಅವರ ರೂಢಿ, ಮೇಜು ಬಿಚ್ಚಿಟ್ಟಿದ್ದರೆ ಅದರ ಮುಂದಿನ ಅಂಚನ್ನೇ ಒತ್ತುತ್ತಾರೆ. ಗೋಡೆಯಿಂದ 18 ಇಂಚು ದೂರದಲ್ಲಿ 30 ಕೆಜಿ ಒತ್ತಡ ಬಿತ್ತೆನ್ನಿ. ನಮ್ಮ ಬ್ರ್ಯಾಕೆಟ್ಟಿನಲ್ಲಿ ಮೇಲಿನ ಸ್ಕ್ರೂಗಳಿಂದ ಕೆಳತುದಿಗೆ ಸುಮಾರು 6 ಇಂಚು. 18 ಇಂಚು 6ರ ಮೂರು ಪಟ್ಟು, ಅಂದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಎಳೆತವೂ ಮೂರು ಪಟ್ಟು, ಹತ್ತಿರ ಹತ್ತಿರ 90 ಕೆಜಿ! ಸ್ಟೀಲು ಅದನ್ನು ತಡೆಯುತ್ತದೆ. ಗೋಡೆ ತಡೆಯುತ್ತದೆಯೇ ಎಂಬುದೇ ಪ್ರಶ್ನೆ.

ಸುತಾರರು ನನ್ನ ಮನಸ್ಸು ಗೆದ್ದದ್ದು ಇಲ್ಲೇ. ಬಂದವರು ಮೊದಲು ಸ್ವಿಚ್‌ಬೋರ್ಡ್ ಎಲ್ಲಿದೆ ನೋಡಿದರು, ಅದರ ನೇರ ಮೇಲೆ ಕೆಳಗೆ ಒಳಗಿಂದ ವೈರ್ ಹೋಗಿರುತ್ತದೆಂದು ಜಾಗವನ್ನು ಒಂದಡಿ ಪಕ್ಕಕ್ಕೆ ಸರಿಸಿದರು. ಆಮೇಲೆ ಸಣ್ಣ ಬಿಟ್ ಹಾಕಿ ಒಂದು ತೂತು ಕೊರೆದು, ಉದುರುವ ಪುಡಿಯನ್ನು ಪೇಪರಿನ ತುಂಡಿನಲ್ಲಿ ಹಿಡಿದರು. ಮೊದಲು ಬೂದು ಪುಡಿ, ಸುಮಾರು ಒಂದಿಂಚು ಒಳಗೆ ಹೋದ ಮೇಲೆ ಕೆಂಪು. ಬೂದು ಅಂದರೆ ಪ್ಲಾಸ್ಟರ್, ಕೆಂಪು ಬಂತೆಂದರೆ ಇಟ್ಟಿಗೆ. ಡಬ್ಬಿಯಲ್ಲಿ ಬಂದ ಒಂದೂವರೆ ಇಂಚಿನ ಸ್ಕ್ರೂ ಹಾಕಿದ್ದರೆ ಇಟ್ಟಿಗೆಗೆ ಸಿಗುತ್ತಿದ್ದದ್ದು ಅರ್ಧ ಇಂಚು ಮಾತ್ರ. ಅವನ್ನು ಬದಿಗಿಟ್ಟು, ಮೂರು ಇಂಚಿನ ಸ್ಕ್ರೂ, ತೂತಿನೊಳಗೆ ಕೂತು ಅದನ್ನು ಬಿಗಿಯಾಗಿ ಹಿಡಿಯುವ 10 ಎಂಎಂ ಪ್ಲಗ್ ಹಾಕಿದರು. ಹೊಸ ಟವರುಗಳಲ್ಲಿರುವವರು ಗಮನಿಸಿ: ಪುಡಿ ಬೆಳ್ಳಗೆ, ಮೆತ್ತಗೆ ಬಂದರೆ ಅದು ಸಿಪೊರೆಕ್ಸ್, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕ್. ಅದರಲ್ಲಿ ಸಾಮಾನ್ಯ ಪ್ಲಗ್ ಕೆಲವೇ ದಿನಕ್ಕೆ ಸಡಿಲವಾಗುತ್ತದೆ, ಆ ಬ್ಲಾಕಿಗೆಂದೇ ಬರುವ ಪ್ಲಗ್ ಕೇಳಿ ತನ್ನಿ.

ಇನ್ನೊಂದು ವಿಷಯದಲ್ಲೂ ಅವರು ಹಟ ಹಿಡಿದರು. ಹಲಗೆಯ ಅಡಿಭಾಗ ಮಡಚಿದಾಗ ಗೋಡೆಗೆ ಮುಖ ಮಾಡುತ್ತದೆ, ಯಾರಿಗೂ ಕಾಣುವುದಿಲ್ಲ, ಅಲ್ಲಿ ಸನ್‌ಮೈಕಾ ಯಾಕೆ ಎಂದು ನಮ್ಮವರು ಕೇಳಿದರು. ಒಂದೇ ಬದಿಗೆ ಅಂಟಿಸಿದರೆ ಇನ್ನೊಂದು ಬದಿ ತೇವ ಕುಡಿದು ಹಲಗೆ ಬಿಲ್ಲಿನಂತೆ ಬಾಗುತ್ತದೆ ಎಂದರು ಸುತಾರರು. ಎರಡೂ ಬದಿಗೆ ಹಾಕಿಸಿದೆವು. ಜುಲೈ ಕಳೆದ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಒಂದು ಕೂದಲಿನಷ್ಟೂ ಬಾಗಿಲ್ಲ.

ಬಳಕೆ ಸುಲಭ. ಹಲಗೆ ಎತ್ತಿದರೆ ಎರಡೂ ಕಡೆ ಟಕ್ಕೆಂದು ತಾನಾಗಿ ಲಾಕ್ ಆಗುತ್ತದೆ. ಇಳಿಸುವಾಗ ಮಾತ್ರ ಅಡಿಯಲ್ಲಿರುವ ಎರಡು ಚಿಲಕಗಳನ್ನೂ ಒಟ್ಟಿಗೆ ಒತ್ತಬೇಕು. ಹೀಗಾಗಿ ನಾಲ್ಕಡಿ, ಐದಡಿ ಉದ್ದದ್ದು ಮಾಡಿಸಿದರೆ ಒಬ್ಬರ ಕೈಗೆ ಕಷ್ಟ. ಮೂರಡಿಯೇ ಸರಿ. ಚಿಲಕದ ಸ್ಪ್ರಿಂಗ್ ಮೊದಮೊದಲು ತುಂಬ ಬಿಗಿ, ಬೆರಳು ಸಿಕ್ಕಿಕೊಳ್ಳುವ ಭಯ ಇದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ದೊಡ್ಡವರೇ ಇಳಿಸಲಿ. ಬ್ರ್ಯಾಕೆಟ್ಟಿನ ಕಪ್ಪು ಬಣ್ಣ ಕೀಲಿನ ಹತ್ತಿರ ಸವೆಯತೊಡಗಿದೆ, ಅಲ್ಲಿ ಎಣ್ಣೆ ಸವರುತ್ತಿದ್ದೇನೆ. ದುಡ್ಡು ಸ್ವಲ್ಪ ಹೆಚ್ಚು ಕೊಟ್ಟು ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ 304 ಸ್ಟೀಲಿನದು ತೆಗೆದುಕೊಂಡರೆ ಈ ಕಿರಿಕಿರಿಯೂ ಇರದು.

ನೆಲದಿಂದ 29 ಇಂಚು ಎತ್ತರಕ್ಕೆ ಹಾಕಿಸಿದ್ದೇವೆ. ಮಡಚಿದಾಗ ಹಲಗೆಯ ಕೆಳಗೆ 11 ಇಂಚು ಜಾಗ ಉಳಿಯುತ್ತದೆ, ಸುತ್ತಿಟ್ಟ ಹಾಸಿಗೆ ಅಲ್ಲೇ ಸೇರುತ್ತದೆ. ಬ್ರ್ಯಾಕೆಟ್, ಪ್ಲೈ, ಸನ್‌ಮೈಕಾ, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಿಯೇ ಕೊರೆಸಿ, 10 ಎಂಎಂ ತೂತುಗಳು ಪುಟ್ಟಿ ಹಚ್ಚಿದರೂ ಪೂರ್ತಿ ಮರೆಯಾಗುವುದಿಲ್ಲ.