ಎನ್‌ಸಿಬಿ ಸೊನ್ನೆ, ಕ್ಲೇಮ್ ಮೂರು: ಇಂಥ ಕಾರಿಗೆ ಯಾವ ಇನ್ಶೂರೆನ್ಸ್?

ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದಲ್ಲಿ ಮೂರು ಕ್ಲೇಮ್ ಆಗಿ, ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಬಂದಿರುವ ಕಾರಿಗೆ ನನ್ನ ಓಟು ಸರ್ಕಾರಿ ವಿಮಾ ಕಂಪನಿಯ ಫುಲ್ ಇನ್ಶೂರೆನ್ಸಿಗೆ. ಝೀರೋ ಡೆಪ್ (ಪಾರ್ಟುಗಳ ಸವಕಳಿ ಕಡಿಯದೆ ಕ್ಲೇಮ್ ಕೊಡುವ ಹೆಚ್ಚುವರಿ ಕವರ್) ಸಮೇತ, ಫೋನ್ ಎತ್ತುವ ಏಜೆಂಟ್ ಮೂಲಕ. ಆನ್‌ಲೈನ್‌ನಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ಶೋರೂಮಿನಲ್ಲಿ ಇದಕ್ಕಿಂತ ಸಲೀಸಾಗಿ ಸಿಗುತ್ತದೆ. ಆ ಎರಡನ್ನೂ ಬಳಸಿ ನೋಡಿಯೇ ಇಲ್ಲಿಗೆ ಬಂದು ನಿಂತಿದ್ದು. ಲೆಕ್ಕಕ್ಕೆ ಹಿಡಿದಿರುವ ಕಾರು ಬೆಂಗಳೂರು ರಿಜಿಸ್ಟ್ರೇಷನ್ನಿನ 1,200 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ವರ್ಷ ದಾಟಿದೆ, ಐದು ತುಂಬಿಲ್ಲ. ದಿನಾ ರಿಂಗ್ ರೋಡಿನಲ್ಲಿ ಓಡುತ್ತದೆ, ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲುತ್ತದೆ.

ಥರ್ಡ್ ಪಾರ್ಟಿ ಭಾಗದಲ್ಲಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಯ ಭಾಗದಲ್ಲಿ, ಹೋಲಿಸುವುದಕ್ಕೆ ಏನೂ ಇಲ್ಲ. ಅದರ ದರ ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್ ದರಪಟ್ಟಿಯಲ್ಲಿ 1,000 ಸಿಸಿವರೆಗೆ 2,094 ರೂಪಾಯಿ, 1,500ರವರೆಗೆ 3,416, ಅದರ ಮೇಲೆ 7,897, ಜೊತೆಗೆ ಶೇ. 18 ಜಿಎಸ್‌ಟಿ. ಹತ್ತು ವರ್ಷ ಗೀರು ಬೀಳದಂತೆ ಓಡಿಸಿದವರಿಗೂ ಅಷ್ಟೇ, ತಿಂಗಳಿಗೊಮ್ಮೆ ಗುದ್ದುವವರಿಗೂ ಅಷ್ಟೇ. ಪೆಟ್ಟು ಬೀಳುವುದು ಓಡಿ ಭಾಗಕ್ಕೆ, ಅಂದರೆ ನಮ್ಮ ಕಾರಿನ ಸ್ವಂತ ಡ್ಯಾಮೇಜ್ ಭಾಗಕ್ಕೆ. 2007ರಲ್ಲಿ ಓಡಿಯ ಟ್ಯಾರಿಫ್, ಅಂದರೆ ಎಲ್ಲಾ ಕಂಪನಿಗೂ ಒಂದೇ ಆಗಿದ್ದ ದರಪಟ್ಟಿ, ಹೋದ ಮೇಲೆ ಅದರ ಬೆಲೆ ಕಂಪನಿಗೊಂದು. ಕ್ಲೇಮ್ ಜಾಸ್ತಿಯಾದವರಿಗೆ ‘ನಿಮಗೆ ದಂಡ’ ಅಂತ ಯಾರೂ ಬರೆದು ಕೊಡುವುದಿಲ್ಲ, ಓಡಿ ಮೇಲಿನ ಡಿಸ್ಕೌಂಟನ್ನು ಸದ್ದಿಲ್ಲದೆ ಇಳಿಸುತ್ತಾರೆ. ಎನ್‌ಸಿಬಿ ಹೇಗೂ ಸೊನ್ನೆಗೆ ಬಂದಿರುತ್ತದೆ. ಬೆಂಗಳೂರು ಎ ಝೋನ್ (ವಿಮೆ ಲೆಕ್ಕದಲ್ಲಿ ದೊಡ್ಡ ನಗರಗಳ ಗುಂಪು) ಆದ್ದರಿಂದ ಓಡಿ ದರವೇ ಮೈಸೂರು, ಹುಬ್ಬಳ್ಳಿಗಿಂತ ಮೇಲಿನಿಂದ ಶುರುವಾಗುತ್ತದೆ.

ಆನ್‌ಲೈನ್ ದಾರಿಯಲ್ಲಿ ನನಗೆ ಆಗದ ಸಂಗತಿ ಒಂದೇ ಒಂದು. ಆದರೆ ಅದು ಸಣ್ಣದಲ್ಲ.

ಕಾರ್ ನಂಬರ್ ಹಾಕಿದ ಕೂಡಲೇ ಕೊಟೇಶನ್ ಬರುತ್ತದೆ. ಕಣ್ಣರಳಿಸುವಷ್ಟು ಕಡಿಮೆ. ಕೆಳಗೆ ಹೋಗಿ ನೋಡಿದರೆ ‘ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಅಂತ ಅದೇ ಟಿಕ್ ಹಾಕಿಕೊಂಡು ಕೂತಿರುತ್ತದೆ, ಎನ್‌ಸಿಬಿ ಕಾಲಂನಲ್ಲಿ ಶೇ. 35ಓ 45ಓ ಕಾರಿನ ವಯಸ್ಸಿಗೆ ತಕ್ಕ ಅಂಕಿ ತಾನೇ ತುಂಬಿಕೊಂಡಿರುತ್ತದೆ. ಕ್ಲೇಮ್ ಮಾಡದವರಿಗೆ ಇದು ಅನುಕೂಲ. ಕ್ಲೇಮ್ ಮಾಡಿದವರಿಗೆ ಇದೇ ಹಳ್ಳ. ‘ಹೌದು’ ಅಂತ ಬದಲಿಸಿದರೆ ಅದೇ ಕೊಟೇಶನ್ ಮೇಲಕ್ಕೆ ಹಾರುತ್ತದೆ, ಆಗ ಅಗ್ಗ ಅನ್ನುವುದರ ಅರ್ಧ ಭಾಗ ಅಲ್ಲೇ ಕರಗುತ್ತದೆ. ಬದಲಿಸದೆ ದುಡ್ಡು ಕಟ್ಟಿದರೆ ಪಾಲಿಸಿ ಎರಡು ನಿಮಿಷದಲ್ಲಿ ಮೇಲ್‌ಗೆ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಕೇಳುವುದು ಮುಂದಿನ ಕ್ಲೇಮ್ ಹಾಕಿದಾಗ.

ಯಾಕೆಂದರೆ ಹಳೇ ಕಂಪನಿಯ ಕ್ಲೇಮ್ ವಿವರ ಹೊಸ ಕಂಪನಿಗೆ ಸಿಗುತ್ತದೆ. ಹಳಬರಿಗೆ ಒಂದು ಪತ್ರ ಬರೆದರೆ ಸಾಕು. ನೀವು ಒಪ್ಪಿ ಕಳಿಸಿದ ಘೋಷಣೆಯಲ್ಲಿ ಒಂದು ಸಾಲು ಇರುತ್ತದೆ: ಎನ್‌ಸಿಬಿ ಬಗ್ಗೆ ಹೇಳಿದ್ದು ಸುಳ್ಳೆಂದು ಗೊತ್ತಾದರೆ ಪಾಲಿಸಿಯ ಸೆಕ್ಷನ್ 1ರ ಎಲ್ಲಾ ಲಾಭ ಹೋಗುತ್ತದೆ ಅಂತ. ಸೆಕ್ಷನ್ 1 ಅಂದರೆ ಇಡೀ ಓಡಿ. ಎರಡು ಮೂರು ಸಾವಿರ ಉಳಿಸಲು ಹೋಗಿ ಅರವತ್ತು ಸಾವಿರದ ಬಿಲ್ ತಲೆ ಮೇಲೆ ಬೀಳುವುದು ಹೀಗೆ. ಥರ್ಡ್ ಪಾರ್ಟಿ ರಕ್ಷಣೆಗೆ ಇದರಿಂದ ಧಕ್ಕೆ ಇಲ್ಲ ಅನ್ನುವುದಷ್ಟೇ ಸಮಾಧಾನ.

ಏಜೆಂಟರೂ ಇದೇ ಕೆಲಸ ಮಾಡುತ್ತಾರೆ, ‘ಸಾರ್, ನಾನು ಕಮ್ಮಿ ಮಾಡಿಸಿಕೊಡ್ತೀನಿ’ ಅನ್ನುವವರ ಕೈಚಳಕ ಬಹುಪಾಲು ಈ ಕಾಲಂನಲ್ಲೇ ಇರುತ್ತದೆ. ಹಾಗಾಗಿ ಯಾರ ಹತ್ತಿರ ಮಾಡಿಸಿದರೂ ಪಾಲಿಸಿ ಕೈಗೆ ಬಂದ ತಕ್ಷಣ ಎನ್‌ಸಿಬಿ ಸಾಲು ಹುಡುಕಿ. ಅಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೆ ಅಂಕಿ ಇದ್ದರೆ ಅವತ್ತೇ ಕಂಪನಿಗೆ ಮೇಲ್ ಹಾಕಿ. ಪಾಲಿಸಿ ನಂಬರ್, ಹಳೇ ಪಾಲಿಸಿಯ ಪ್ರತಿ, ಹಳೇ ಕ್ಲೇಮ್ ನಂಬರ್ ಕೊಟ್ಟು ‘ಎನ್‌ಸಿಬಿ ತಿದ್ದುಪಡಿ ಎಂಡಾರ್ಸ್‌ಮೆಂಟ್ ಬೇಕು’ ಅಂತ ಬರೆಯಿರಿ. ವ್ಯತ್ಯಾಸದ ಪ್ರೀಮಿಯಂ ಕಟ್ಟಿಸಿಕೊಂಡು ತಿದ್ದಿದ ಹಾಳೆ ಕೊಡುತ್ತಾರೆ. ಇದು ಆಗಬೇಕಾದ್ದು ಗುದ್ದುವ ಮೊದಲು. ಗುದ್ದಿದ ಮೇಲೆ ದುಡ್ಡು ಕಟ್ಟುತ್ತೇನೆ ಅಂದರೆ ಕೇಳುವವರಿಲ್ಲ.

ಇನ್ನೊಂದು ಎಡವಟ್ಟು: ಕ್ಲೇಮ್ ಹಾಕಿ, ಬಿಲ್ ಸಣ್ಣದೆಂದು ಕೈಬಿಟ್ಟವರದು. ಕಂಪನಿ ದುಡ್ಡು ಕೊಡದೆ ಮುಚ್ಚಿದ ಕ್ಲೇಮಿಗೆ ಎನ್‌ಸಿಬಿ ಹೋಗುವುದಿಲ್ಲ. ಆದರೆ ಬಾಯಿ ಮಾತಿನಲ್ಲಿ ‘ಬೇಡ ಬಿಡಿ’ ಅಂದರೆ ಆ ಫೈಲ್ ತೆರೆದೇ ಬಿದ್ದಿರುತ್ತದೆ, ರಿನ್ಯೂವಲ್ ಹೊತ್ತಿಗೆ ಕ್ಲೇಮ್ ಅಂತಲೇ ಕಾಣುತ್ತದೆ. ‘ಪಾವತಿ ಇಲ್ಲದೆ ಮುಚ್ಚಲಾಗಿದೆ’ ಅನ್ನುವ ಒಂದು ಮೇಲ್ ತರಿಸಿಟ್ಟುಕೊಳ್ಳಿ.

ಕ್ಲೇಮ್ ಮಾಡಬೇಕೋ ಬಿಡಬೇಕೋ ಅನ್ನುವುದು ಬಹಳ ಜನ ತಪ್ಪುವ ಲೆಕ್ಕ. ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೂ ಏರುವ ಎನ್‌ಸಿಬಿ ಏಣಿ ಶೇ. 20, 25, 35, 45, 50. ಶೇ. 50ರಲ್ಲಿ ಕೂತವರು ಒಂದು ಕ್ಲೇಮ್ ಮಾಡಿದರೆ ಮೊದಲ ವರ್ಷ 50, ಆಮೇಲೆ 30, 25, 15, 5 ಹೀಗೆ ಕಳೆದುಕೊಳ್ಳುತ್ತಾ ಐದು ವರ್ಷಕ್ಕೆ ಓಡಿ ಪ್ರೀಮಿಯಂನ ಶೇ. 125ರಷ್ಟು ಬಿಟ್ಟುಕೊಡುತ್ತಾರೆ. ಓಡಿ 8,000 ಅಂದುಕೊಂಡರೆ 10,000, ಜಿಎಸ್‌ಟಿ ಸೇರಿ 11,800. ಆಗಲೇ ಸೊನ್ನೆಯಲ್ಲಿ ಇರುವವರು ಇನ್ನೊಂದು ಕ್ಲೇಮ್ ಮಾಡಿದರೆ ಏಣಿ ಒಂದು ವರ್ಷ ತಡವಾಗುತ್ತದೆ, ಅಷ್ಟೇ. ವರ್ಷವರ್ಷಕ್ಕೆ ಕಳೆದುಕೊಳ್ಳುವುದು 20, 5, 10, 10, 5, ಒಟ್ಟು ಶೇ. 50. ಅದೇ 8,000ಕ್ಕೆ 4,000, ಜಿಎಸ್‌ಟಿ ಸೇರಿ 4,720. ಅಂದರೆ ಒಳ್ಳೆ ದಾಖಲೆ ಇರುವವರು ಹತ್ತು ಹನ್ನೆರಡು ಸಾವಿರದವರೆಗಿನ ಡ್ಯಾಮೇಜನ್ನು ಕೈಯಿಂದಲೇ ಹಾಕಿಕೊಳ್ಳುವುದು ಮೇಲು. ದಾಖಲೆ ಕೆಟ್ಟಿರುವವರಿಗೆ ಆರು ಸಾವಿರ ದಾಟಿದರೆ ಕ್ಲೇಮೇ ಲಾಭ. ಇದು ಕೇಳಲು ತಲೆಕೆಳಗು ಅನ್ನಿಸುತ್ತದೆ, ಲೆಕ್ಕ ಮಾತ್ರ ಹೀಗೇ ಬರುತ್ತದೆ. ಕ್ಲೇಮ್ ಸಂಖ್ಯೆ ಏರಿದರೆ ಡಿಸ್ಕೌಂಟ್ ಇಳಿಯುತ್ತದಲ್ಲ, ಅದಕ್ಕಾಗಿ ನಾನು ಗೆರೆಯನ್ನು ಎಂಟು ಸಾವಿರಕ್ಕೆ ಎಳೆದುಕೊಂಡಿದ್ದೇನೆ.

ಇದರಿಂದಲೇ ಝೀರೋ ಡೆಪ್ ಇಲ್ಲದೆ ಇಂಥ ಕಾರು ನಡೆಯುವುದಿಲ್ಲ ಅನ್ನುವುದೂ ಹೊರಡುತ್ತದೆ. ಎಡಗಡೆ ಮುಂಭಾಗ ತಗುಲಿದ ಒಂದು ಸಾಧಾರಣ ಬಿಲ್ ನೋಡಿ: ಬಂಪರ್ 6,000, ಫೆಂಡರ್ 4,000, ಪೇಂಟಿಂಗ್ 10,000, ಟಿಂಕರಿಂಗ್ ಮತ್ತು ಬಿಚ್ಚಿ ಹಾಕುವ ಕೂಲಿ 5,000. ಒಟ್ಟು 25,000. ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರಿಗೆ ಅರ್ಧ, 3,000 ಕಡಿತ. ನಾಲ್ಕರಿಂದ ಐದು ವರ್ಷದ ಕಾರಿನ ಲೋಹದ ಭಾಗಕ್ಕೆ ಶೇ. 35, ಅದು 1,400. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, 1,250. ಮೇಲೆ ಪ್ರತಿ ಕ್ಲೇಮಿಗೂ ನಾವೇ ಹಾಕಬೇಕಾದ ಕಡ್ಡಾಯದ 1,000. ಕೈಯಿಂದ ಹೋಗುವುದು 6,650. ಝೀರೋ ಡೆಪ್ ಇದ್ದರೆ ಬರೀ 1,000. ಗಾಜಿಗೆ ಮಾತ್ರ ಹೇಗಿದ್ದರೂ ಸವಕಳಿ ಇಲ್ಲ.

ಅದರೊಳಗಿನ ಮುಳ್ಳು: ಹೆಚ್ಚಿನ ಪಾಲಿಸಿಗಳಲ್ಲಿ ಝೀರೋ ಡೆಪ್ ವರ್ಷಕ್ಕೆ ಎರಡೇ ಕ್ಲೇಮಿಗೆ. ನಮ್ಮಂಥವರು ಎಡ ಬಾಗಿಲಿನ ಗೀರು, ಹಿಂದಿನ ಬಂಪರಿನ ಬಿರುಕು, ಬಲ ಫೆಂಡರಿನ ಗುಳಿ ಎಲ್ಲಾ ಕೂಡಿಟ್ಟುಕೊಂಡು ಒಂದೇ ಕ್ಲೇಮಿನಲ್ಲಿ ಮುಗಿಸೋಣ ಅಂತ ಹೋಗುತ್ತೇವೆ. ಡ್ಯಾಮೇಜ್ ನೋಡಲು ಕಂಪನಿ ಕಳಿಸುವ ಸರ್ವೇಯರ್‌ಗೆ ಇದು ಹಳೇ ಕಥೆ. ಎಡಕ್ಕೆ ಗುದ್ದಿದರೆ ಬಲ ಬಾಗಿಲು ಹೇಗೆ ನುಗ್ಗಾಯಿತು ಅಂತ ಕೇಳಿ ಅದನ್ನು ಬೇರೆ ಬೇರೆ ಕ್ಲೇಮ್ ಮಾಡಿಸುತ್ತಾರೆ, ಪ್ರತಿಯೊಂದಕ್ಕೂ 1,000 ಬೇರೆ, ವರ್ಷದ ಎರಡೂ ಅವಕಾಶ ಒಂದೇ ದಿನ ಖಾಲಿ. ದೊಡ್ಡ ಹೊಡೆತಕ್ಕೆ ಒಂದನ್ನಾದರೂ ಉಳಿಸಿಕೊಳ್ಳಬೇಕು.

ಈಗ ಶೋರೂಮ್. ಕ್ಲೇಮ್ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಬಾಡಿ ಶಾಪಿನಲ್ಲೇ ಇನ್ಶೂರೆನ್ಸ್ ಡೆಸ್ಕ್, ಸರ್ವೇಯರ್ ಅಲ್ಲೇ ಬರುತ್ತಾರೆ, ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಗ್ಯಾರೇಜಿಗೆ ಕಟ್ಟುವುದು). ಆದರೆ ಬೆಲೆ. ಹೊರಗಿನ ಒಂದು ಕೊಟೇಶನ್ ಪ್ರಿಂಟ್ ಹಿಡಿದು ಹೋದರೆ ಓಡಿ ಡಿಸ್ಕೌಂಟ್ ಏರಿಸುತ್ತಾರೆ, ಹಿಡಿಯದೆ ಹೋದರೆ ಮೊದಲು ಹೇಳಿದ್ದೇ ರೇಟು. ಚೌಕಾಸಿ ಮಾಡುವಾಗ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ) ಮೇಲೆ ಒಂದು ಕಣ್ಣಿರಲಿ, ಅದನ್ನು ಇಳಿಸಿ ಪ್ರೀಮಿಯಂ ಇಳಿದಂತೆ ತೋರಿಸುವುದು ಸುಲಭ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರನ್ನು ಟೋಟಲ್ ಲಾಸ್ ಅಂತ ಬರೆಯುತ್ತಾರೆ, ಆಗ ಕೈಗೆ ಬರುವುದು ಆ ಇಳಿಸಿದ ಐಡಿವಿಯೇ.

ಸರ್ಕಾರಿ ಕಂಪನಿಗಳು ನಾಲ್ಕು: ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ. ನನಗೆ ಹಿಡಿಸಿದ್ದು ಇಷ್ಟು. ಹಳೇ ಪಾಲಿಸಿ ಪ್ರತಿ ಕೇಳುತ್ತಾರೆ, ಕ್ಲೇಮ್ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ ಸೊನ್ನೆ ಅಂತಲೇ ಬರೆಯುತ್ತಾರೆ, ಕ್ಲೇಮ್ ಸಿಕ್ಕಿಹಾಕಿಕೊಂಡರೆ ಹೋಗಿ ಕೂರಲು ಡಿವಿಜನಲ್ ಆಫೀಸ್ ಅಂತ ಒಂದು ಜಾಗ ಇದೆ. ಕೊಟೇಶನ್ನಿಗೂ ಕೊನೆಯಲ್ಲಿ ಕಟ್ಟುವ ಮೊತ್ತಕ್ಕೂ ವ್ಯತ್ಯಾಸ ಬರುವುದಿಲ್ಲ. ಹಿಡಿಸದಿದ್ದೂ ಇದೆ: ಎಲ್ಲಾ ವರ್ಕ್‌ಶಾಪಿನಲ್ಲೂ ಕ್ಯಾಶ್‌ಲೆಸ್ ಇರುವುದಿಲ್ಲ. ಸೇರುವ ಮೊದಲು ನಿಮ್ಮ ಗ್ಯಾರೇಜಿನ ಬಿಲ್ಲಿಂಗ್ ಕೌಂಟರಿನಲ್ಲಿ ‘ಈ ಕಂಪನಿ ಕ್ಯಾಶ್‌ಲೆಸ್ ಆಗುತ್ತಾ?’ ಅಂತ ಕೇಳಿ. ಕಾರು ಮಾರುವವರನ್ನು ಕೇಳಬೇಡಿ, ಅವರು ಎಲ್ಲಕ್ಕೂ ಆಗುತ್ತೆ ಅಂತಾರೆ. ಕ್ಯಾಶ್‌ಲೆಸ್ ಇಲ್ಲದಿದ್ದರೆ ಮೊದಲು ನೀವೇ ಬಿಲ್ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು, ಇಪ್ಪತ್ತೈದು ಮೂವತ್ತು ಸಾವಿರ ಕೆಲ ವಾರ ಕೈಬಿಟ್ಟಿರಲು ತಯಾರಿರಬೇಕು. ಸರ್ವೇಯರ್ ನೋಡುವ ಮೊದಲು ಒಂದು ಸ್ಕ್ರೂ ಕೂಡ ಬಿಚ್ಚಿಸಬಾರದು. ಬಿಚ್ಚಿದ ಮೇಲೆ ಒಳಗೆ ಬೇರೆ ಮುರಿದದ್ದು ಕಂಡರೆ ಕೆಲಸ ನಿಲ್ಲಿಸಿ ಮತ್ತೆ ಕರೆಸಬೇಕು. ಬದಲಿಸಿದ ಹಳೇ ಪಾರ್ಟ್‌ಗಳನ್ನು ಸರ್ವೇಯರ್ ಮತ್ತೆ ನೋಡುವವರೆಗೆ ಗ್ಯಾರೇಜಿನಲ್ಲೇ ಇಡಿಸಿ.

ಪ್ರೀಮಿಯಂ ಮಾತ್ರ ಏಜೆಂಟರ ಸ್ವಂತ ಯುಪಿಐಗೆ ಹಾಕಬೇಡಿ, ಕಂಪನಿಯ ಲಿಂಕಿಗೇ ಹಾಕಿ. ಕಂಪನಿಗೆ ದುಡ್ಡು ಮುಟ್ಟುವವರೆಗೆ ರಕ್ಷಣೆ ಶುರುವಾಗುವುದಿಲ್ಲ.

ವಾಲಂಟರಿ ಡಿಡಕ್ಟಿಬಲ್ (ಪ್ರತಿ ಕ್ಲೇಮಿಗೂ ಇಷ್ಟು ನಾನೇ ಹಾಕುತ್ತೇನೆ ಅಂತ ಒಪ್ಪಿ ಪ್ರೀಮಿಯಂ ಇಳಿಸಿಕೊಳ್ಳುವುದು): ನಮ್ಮಂಥವರಿಗಲ್ಲ. ಹಳೇ ಟ್ಯಾರಿಫ್ ಲೆಕ್ಕದಲ್ಲಿ 2,500 ಒಪ್ಪಿಕೊಂಡರೆ ಹೆಚ್ಚೆಂದರೆ 750 ಉಳಿತಾಯ, ಒಂದೇ ಕ್ಲೇಮಿಗೆ ಅದರ ಮೂರರಷ್ಟು ಹೋಗುತ್ತದೆ.

ಕಿಲೋಮೀಟರ್ ಲೆಕ್ಕದ ಪಾಲಿಸಿ, ಅಂದರೆ ಪೇ ಆಸ್ ಯು ಡ್ರೈವ್, 2022ರಿಂದ ಸಿಗುತ್ತಿದೆ. ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ಒಳ್ಳೆಯದು, ಕ್ಲೇಮ್ ದಾಖಲೆ ಕೆಟ್ಟಿದ್ದರೂ ಇದರಲ್ಲಿ ಸ್ವಲ್ಪ ಉಳಿಯುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ವರ್ಷದ ಮಧ್ಯೆ ಟಾಪ್‌ಅಪ್ ಹಾಕಿಸುವುದೇ ಕೆಲಸವಾದೀತು. ಬ್ರೇಕ್ ಒತ್ತುವ ರೀತಿ ನೋಡಿ ಬೆಲೆ ಕಟ್ಟುವ ಪೇ ಹೌ ಯು ಡ್ರೈವ್ ಬಗ್ಗೆ, ಮೂರು ಕ್ಲೇಮ್ ಮಾಡಿದವರು ಯೋಚಿಸದಿರುವುದೇ ಲೇಸು.

ಎಂಜಿನ್ ಪ್ರೊಟೆಕ್ಟ್ ಬೆಂಗಳೂರಿನಲ್ಲಿ ಬೇಕು. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ ಮುಳುಗಿದ್ದು ನೆನಪಿದ್ದರೆ ಕಾರಣ ಹೇಳಬೇಕಿಲ್ಲ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ.

ರಿನ್ಯೂವಲ್ ದಿನಾಂಕ ದಾಟಿಸಿದರೆ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ದಂಡ, ಮೂರು ತಿಂಗಳವರೆಗೆ ಜೈಲಿಗೂ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕಿಂತ ಭಯದ್ದು, ಆ ಮಧ್ಯೆ ಯಾರಿಗಾದರೂ ಪೆಟ್ಟಾದರೆ ಪರಿಹಾರ ಪೂರ್ತಿ ನಿಮ್ಮ ಆಸ್ತಿಯಿಂದಲೇ. ಗ್ಯಾಪ್ ಆದ ಕಾರಿಗೆ ಇನ್‌ಸ್ಪೆಕ್ಷನ್ ಆಗಬೇಕು, ಇರುವ ಗೀರು ಗುಳಿಗಳ ಫೋಟೋ ದಾಖಲೆಗೆ ಹೋಗುತ್ತದೆ, ಅವು ಮುಂದೆ ಕ್ಲೇಮಿಗೆ ಬರುವುದಿಲ್ಲ. 90 ದಿನ ದಾಟಿದರೆ ಸಂಪಾದಿಸಿದ ಎನ್‌ಸಿಬಿಯೂ ಹೋಗುತ್ತದೆ. ಗುಳಿ ಇದ್ದರೆ ಪಾಲಿಸಿ ಮುಗಿಯುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಕ್ಲೇಮ್ ತಿರಸ್ಕಾರವಾಗಿ ಜಗಳಕ್ಕೆ ಬಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮೆ ದೂರು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿ. ಫೀಸಿಲ್ಲ, ವಕೀಲರು ಬೇಕಿಲ್ಲ.

ನನ್ನ ಆಯ್ಕೆ ಹೀಗೇ ಇರುವುದು ಝೀರೋ ಡೆಪ್ ಸಿಗುವವರೆಗೆ. ಹೆಚ್ಚಿನ ಕಂಪನಿಗಳು ಅದನ್ನು ಐದು ವರ್ಷಕ್ಕೆ ನಿಲ್ಲಿಸುತ್ತವೆ, ಕೆಲವು ಏಳರವರೆಗೆ ಕೊಡುತ್ತವೆ. ಸರ್ಕಾರಿ ಕಂಪನಿ ಐದಕ್ಕೇ ಇಲ್ಲ ಅಂದರೆ ಏಳರವರೆಗೆ ಕೊಡುವ ಖಾಸಗಿಗೆ ಹೋಗುತ್ತೇನೆ, ಕ್ಲೇಮ್ ಪ್ರಶ್ನೆಗೆ ‘ಹೌದು’ ಅಂತ ನಾನೇ ಒತ್ತಿ. ಅದಕ್ಕೂ ಒಂದು ಷರತ್ತಿದೆ: ಹಿಂದಿನ ಪಾಲಿಸಿಯಲ್ಲಿ ಝೀರೋ ಡೆಪ್ ಇಲ್ಲದೆ ಇದ್ದರೆ ಹೊಸಬರು ಅದನ್ನು ಸುಮ್ಮನೆ ಕೊಡುವುದಿಲ್ಲ, ಕಾರು ತೋರಿಸಿ ಅಂತಾರೆ. ಹಾಗಾಗಿ ಐದನೇ ವರ್ಷದ ಪಾಲಿಸಿಯಲ್ಲಿ ಅದನ್ನು ಬಿಡಿಸಿ ಸಾವಿರ ಉಳಿಸುವ ಯೋಚನೆ ಬೇಡ.