ಅಂಗಡಿಯಲ್ಲಿ ಆಕ್ರಿಲಿಕ್, ಮನೆಯಲ್ಲಿ ಫೈಬರ್: ಏಳು ವರ್ಷ ಬಳಸಿದ ಬಾತ್‌ಟಬ್

ಕುಂಬಳೆ ಸಮೀಪದ ನಮ್ಮ ಮನೆಗೆ ಬಾತ್‌ಟಬ್ ಬಂದದ್ದು ಅಣ್ಣನ ಹಟದಿಂದ. ಬಹಳ ವರ್ಷ ದುಬೈಯಲ್ಲಿ ದುಡಿದವನು. ಹೊಸ ಮನೆಯ ನಕ್ಷೆಯಲ್ಲಿ ಅಡುಗೆಕೋಣೆಗಿಂತ ಮೊದಲು ಟಬ್ಬಿನ ಜಾಗ ಗುರುತಿಸಿದ್ದ. ತಾಮ್ರದ ಹಂಡೆಯಿಂದ ಚೊಂಬಿನಲ್ಲಿ ನೀರು ಹೊಯ್ದುಕೊಂಡೇ ಎಪ್ಪತ್ತು ದಾಟಿದ ಅಮ್ಮ ಅದನ್ನು ಒಮ್ಮೆ ಸುತ್ತಿ ನೋಡಿ, "ಹಸುವಿಗೆ ಅಕ್ಕಚ್ಚು ಕೊಡುವ ಮರಿಗೆಯ ಹಾಗೆ ಉಂಟು" ಎಂದು ಒಳಗೆ ಹೋದರು.

ಮಂಗಳೂರಿನ ಅಂಗಡಿಯೊಂದರಿಂದ ತಂದದ್ದು, ಐದಡಿ ಉದ್ದ. ಬಿಲ್ಲಿನಲ್ಲಿ 'ಆಕ್ರಿಲಿಕ್' ಎಂದಿತ್ತು. ಎರಡು ವರ್ಷ ಕನ್ನಡಿಯಂತೆ ಹೊಳೆಯಿತು. ಆಮೇಲೆ ಕಿಟಕಿಯ ಬಿಸಿಲು ಬೀಳುವ ಬದಿ ಮಂಕಾಗಿ ಹಳದಿಗೆ ತಿರುಗಿತು. ಒದ್ದೆ ಬಟ್ಟೆಯಿಂದ ಉಜ್ಜಿದರೆ ಸುಣ್ಣದಂಥ ಪುಡಿ ಅಂಟುತ್ತಿತ್ತು. ಐದನೆಯ ವರ್ಷ ಬಾವಿ ಬತ್ತಿದಾಗ ಮಾರ್ಚ್‌ನಿಂದ ಮಳೆ ಬರುವವರೆಗೂ ಟಬ್ಬನ್ನೇ ನೀರಿನ ತೊಟ್ಟಿ ಮಾಡಿಕೊಂಡೆವು. ಖಾಲಿ ಮಾಡಿದಾಗ ತಳದಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು. ಅವುಗಳ ಪಕ್ಕದಲ್ಲೇ ಜೇಡರ ಬಲೆಯಂತೆ ಕೂದಲೆಳೆಯ ಬಿರುಕು.

ಬಿರುಕಿಗೆ ತೇಪೆ ಹಾಕಲು ಕಡಲತೀರದಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರನ್ನು ಕರೆಸಿದೆವು. ಅವರು ಬಿರುಕನ್ನು ನೋಡಲೇ ಇಲ್ಲ. ಟಬ್ ತುಂಬಿ ಚೆಲ್ಲದಂತೆ ಮೇಲ್ಗಡೆ ನೀರು ಹೋಗುವ ತೂತು ಇರುತ್ತದಲ್ಲ, ಅದರ ಮುಚ್ಚಳ ಬಿಚ್ಚಿ ಮೊಬೈಲಿನ ಬೆಳಕು ಹಿಡಿದರು. "ಇದು ಆಕ್ರಿಲಿಕ್ ಅಲ್ಲ ಅಣ್ಣಾ, ನಮ್ಮ ದೋಣಿಯೇ" ಎಂದರು.

ಅವರು ತೋರಿಸಿದ್ದು ಇಷ್ಟು. ಆಕ್ರಿಲಿಕ್ ಟಬ್ ಎಂದರೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿಗೆ ಎಳೆದದ್ದು. ತೂತಿನ ಅಂಚಿನಲ್ಲಿ ಒಂದೇ ಬಣ್ಣದ ಗಟ್ಟಿ ಪಟ್ಟಿ ಕೆಲವು ಮಿಲಿಮೀಟರ್ ದಪ್ಪಕ್ಕೆ ಕಾಣಬೇಕು. ನಮ್ಮದರಲ್ಲಿ ಮೇಲೆ ಉಗುರಿನಷ್ಟು ತೆಳುವಾದ ಬಿಳಿ ಪದರ, ಅದರ ಹಿಂದೆಯೇ ಗಾಜಿನ ನಾರು, ಅಂದರೆ ದೋಣಿಯ ಫೈಬರ್. ಆ ಬಿಳಿ ಪದರಕ್ಕೆ ಜೆಲ್‌ಕೋಟ್ ಎಂದು ಹೆಸರು. ಅದು ಸವೆದರೆ ಮುಗಿಯಿತು. ಆಕ್ರಿಲಿಕ್ ಆದರೆ ಗೀರನ್ನು ನುಣುಪು ಉಜ್ಜುಕಾಗದದಿಂದ ತೇಯ್ದು ಪಾಲಿಶ್ ಮಾಡಬಹುದು, ಕೆಳಗೂ ಅದೇ ಬಣ್ಣ ತಾನೇ. ಹೆಚ್ಚಿನವರು ಮೋಸಹೋಗುವುದು ಟಬ್ಬಿನ ಹೊರಮೈ ನೋಡಿ. ಆಕ್ರಿಲಿಕ್ ಹಾಳೆಗೂ ಬಲ ಬರಲೆಂದು ಹಿಂದಿನಿಂದ ಗಾಜಿನ ನಾರು, ರಾಳ ಬಳಿದಿರುತ್ತಾರೆ. ಆದ್ದರಿಂದ ಅಡಿಯಲ್ಲಿ ನಾರು ಕಂಡಿತು ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಅಂಚನ್ನೇ ನೋಡಬೇಕು.

ನನಗೆ ಅಲ್ಲಿಂದ ಹುಚ್ಚು ಹಿಡಿಯಿತು. ಅತ್ತಿಗೆಯ ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅಸಿಟೋನ್ ಇತ್ತು. ಅದರ ಒಂದು ತೊಟ್ಟನ್ನು ಅಂಚಿನ ಕೆಳಗೆ, ಯಾರಿಗೂ ಕಾಣದಲ್ಲಿ ಇಟ್ಟು ಒರೆಸಿದೆ. ನಮ್ಮ ಟಬ್ ಜಪ್ಪಯ್ಯ ಅನ್ನಲಿಲ್ಲ. ಕಾಸರಗೋಡಿನಲ್ಲಿ ಅತ್ತಿಗೆಯ ತವರಿನ ಟಬ್ಬಿನ ಮೇಲೆ ಅದೇ ತೊಟ್ಟು ಅಂಟಂಟಾಗಿ ಮಂಕು ಕಲೆ ಉಳಿಸಿತು. ಅದು ನಿಜವಾದ ಆಕ್ರಿಲಿಕ್. (ಆ ಕಲೆಯ ಬಗ್ಗೆ ಅವರ ಮನೆಯವರಿಗೆ ಇನ್ನೂ ಹೇಳಿಲ್ಲ.) ಆಕ್ರಿಲಿಕ್ ಟಬ್ ಇರುವವರು ಆ ಬಾಟಲಿಯನ್ನು ಬಚ್ಚಲಿನಿಂದ ದೂರವಿಡಿ. ಹಂಡೆಯ ಕುದಿಯುವ ನೀರನ್ನು ನೇರವಾಗಿ ಸುರಿಯಲೂ ಬೇಡಿ, ಹಾಳೆ ಮೆತ್ತಗಾಗುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿ.

ಲೋಹದ ಟಬ್ ಗುರುತಿಸುವುದು ಸುಲಭ. ಗುಜರಿ ಅಂಗಡಿಯಲ್ಲಿ ಹಳೆಯ ಬಂಗಲೆಯ ಕಾಲುಗಳುಳ್ಳ ಟಬ್ ಒಂದು ಬಿದ್ದಿತ್ತು. ಫ್ರಿಜ್ಜಿನ ಆಯಸ್ಕಾಂತ ಕಚ್ಚಿಕೊಂಡಿತು. ಬೆರಳ ಗಂಟಿನಿಂದ ಬಡಿದರೆ ಬಂಡೆಗೆ ಬಡಿದಂತೆ ಸದ್ದೇ ಸತ್ತಿತ್ತು, ಹಾಗಾಗಿ ಎರಕದ ಕಬ್ಬಿಣ. ತಗಡಿನ ಉಕ್ಕಾಗಿದ್ದರೆ ಡಬ್ಬದಂತೆ ಟಣ್ ಎನ್ನುತ್ತಿತ್ತು. ಮೂವರು ಸೇರಿ ಒಂದು ತುದಿ ಮಾತ್ರ ಎತ್ತಿದೆವು. ಆಸೆಯಾದದ್ದು ನಿಜ. ಆದರೆ ನಮ್ಮ ನೀರಿನ ಕೆಂಪು ಕಲೆಗೆ ನಿಂಬೆಹುಳಿ ಉಜ್ಜಿ ಉಜ್ಜಿ ಯಾರೋ ಅದರ ಎನಾಮೆಲ್, ಅಂದರೆ ಲೋಹದ ಮೇಲಿನ ಗಾಜಿನಂಥ ಲೇಪದ ಹೊಳಪನ್ನೇ ತಿಂದುಹಾಕಿದ್ದರು. ಕಲ್ಲುಪುಡಿ-ರಾಳದ ಟಬ್ಬುಗಳೂ ಇವೆ, ಭಾರವಿದ್ದರೂ ಆಯಸ್ಕಾಂತ ಹಿಡಿಯುವುದಿಲ್ಲ, ನಾನು ಬಳಸಿಲ್ಲ.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ. ಟಬ್ಬಿನ ತಳಕ್ಕೆ ಗಾರೆಯ ಹಾಸು ಹಾಕಿಸಿರಲಿಲ್ಲ. ನಿಂತಾಗ ತಳ ಕುಸಿದು ಏಳುತ್ತಿತ್ತು. ಬಿರುಕು ಬಂದದ್ದು ಅಲ್ಲಿಂದಲೇ. 15 ಲೀಟರಿನ ಗೀಸರ್ ಇಟ್ಟದ್ದೂ ಹಾಗೆಯೇ. 150 ಲೀಟರ್ ನೀರು ಹದ ಬಿಸಿಯಾಗಬೇಕಾದರೆ 60 ಡಿಗ್ರಿಯ ನೀರು ಸುಮಾರು 50 ಲೀಟರ್ ಬೇಕು. ಗೀಸರ್ ಮತ್ತೆ ಕಾಯುವಷ್ಟರಲ್ಲಿ ಮೊದಲು ತುಂಬಿದ್ದು ಆರಿರುತ್ತದೆ.

ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ, ಅದೂ ತೇಪೆ ಎರಡು ವರ್ಷ ಸೋರದೆ ನಿಂತದ್ದಕ್ಕೆ. ಬಣ್ಣ ಮಾತ್ರ ಹೊಂದಿಲ್ಲ, ತಳದಲ್ಲಿ ಅಂಗೈಯಗಲದ ಬಿಳಿ ಮಚ್ಚೆ. ಅಣ್ಣ ಈಗ ಹೊಸದಕ್ಕೆ ದುಡ್ಡು ಕೂಡಿಸುತ್ತಿದ್ದಾನೆ. ಅಮ್ಮ ಮಳೆಗಾಲಕ್ಕೆ ಮುಂಚೆ ಇದರಲ್ಲೇ ಕಂಬಳಿ ತುಳಿದು ಒಗೆಯುತ್ತಾರೆ. ಹೊಸದು ಬಂದರೂ ಈ ಮರಿಗೆಯನ್ನು ಗುಜರಿಗೆ ಕೊಡಬಾರದು ಎಂದು ಈಗಲೇ ಹೇಳಿಟ್ಟಿದ್ದಾರೆ.